ಮಾತು, ಮಾತ್ರೆ ಮತ್ತು 2,314 ಬೀಗದ ಫೋಟೋ

'ನೀವು ಈ ಜಾಗಕ್ಕೆ ಹೋಗಿದ್ದಿರಿ, ಹೇಗಿತ್ತು?' ಎಂದು ನನ್ನ ಫೋನು 14 ತಿಂಗಳಿಂದ ಕೇಳುತ್ತಲೇ ಇದೆ. ಹೋಟೆಲಾಗಿದ್ದರೆ ಅವತ್ತೇ ಬರೆದು ಹಾಕುತ್ತಿದ್ದೆ: ದೋಸೆ ಗರಿಗರಿ, ಚಟ್ನಿ ನೀರು, 3 ಸ್ಟಾರು. ಇದು ಮನೋವೈದ್ಯರ ಕ್ಲಿನಿಕ್ಕು. ಅದರ ಹೆಸರು ಹಾಕಿ ಬರೆದರೆ ಮೆಟ್ಟಿಲು ಹತ್ತಿದವನ ಹೆಸರೂ ಹೊರಗೆ ಬೀಳುತ್ತದೆ. ಶಿವಮೊಗ್ಗ ಅಷ್ಟೇನೂ ದೊಡ್ಡ ಊರಲ್ಲ. ಗಾಂಧಿ ಬಜಾರಿನಲ್ಲಿ ಸೀನಿದರೆ ವಿನೋಬನಗರದಿಂದ 'ಹುಷಾರಾ?' ಅಂತ ಫೋನು ಬರುತ್ತದೆ. ಹಾಗಾಗಿ ಕ್ಲಿನಿಕ್ಕಿನ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ. ಮಿಕ್ಕಿದ್ದು ನಡೆದದ್ದು ನಡೆದ ಹಾಗೆ.

ನನ್ನದು ಪ್ರಿಂಟಿಂಗ್ ಪ್ರೆಸ್ಸು, 22 ವರ್ಷದಿಂದ. ಲಗ್ನಪತ್ರಿಕೆ, ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಚುನಾವಣೆ ಬಂದರೆ ಕರಪತ್ರ. ವಯಸ್ಸು 47. ಕಾಯಿಲೆಯ ಹೆಸರು ಓಸಿಡಿ, ಬೇಡವೆಂದರೂ ಅನುಮಾನ ನುಗ್ಗಿ ಬಂದು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಕನ್ನಡದಲ್ಲಿ ಗೀಳು ಎನ್ನುತ್ತಾರೆ. ನನಗೆ ಆ ಪದ ಅಷ್ಟು ಹಿಡಿಸುವುದಿಲ್ಲ. 'ಅವನಿಗೆ ಕ್ರಿಕೆಟ್ ಗೀಳು' ಅನ್ನುವಾಗ ಅದರಲ್ಲಿ ಖುಷಿ ಇರುತ್ತದೆ. ಇದರಲ್ಲಿ ಖುಷಿಯ ಸುಳಿವೂ ಇಲ್ಲ.

ರಾತ್ರಿ 9ಕ್ಕೆ ಶಟರ್ ಎಳೆಯುತ್ತೇನೆ. ಎಡಕ್ಕೊಂದು ಬೀಗ, ಬಲಕ್ಕೊಂದು ಬೀಗ. ಹಾಕಿ ಜಗ್ಗುತ್ತೇನೆ. ಬಿದ್ದಿದೆ. ಇನ್ನೊಮ್ಮೆ ಜಗ್ಗುತ್ತೇನೆ. ಬಿದ್ದೇ ಇದೆ. ಕಣ್ಣಿಗೆ ಕಾಣುತ್ತದೆ, ಕೈಗೆ ಗೊತ್ತಾಗುತ್ತದೆ, ಒಳಗಿರುವ ಒಬ್ಬ ಮಾತ್ರ 'ಸರಿಯಾಗಿ ನೋಡಿದೆಯಾ?' ಅನ್ನುತ್ತಾನೆ. ಸ್ಕೂಟರ್ ಹತ್ತಿ ಸರ್ಕಲ್ ದಾಟುವಷ್ಟರಲ್ಲಿ ಎದೆಯೊಳಗೆ ಏನೋ ಹಿಂಡಿದ ಹಾಗೆ. ವಾಪಸ್ಸು. ಮತ್ತೆ ಜಗ್ಗು. ಎದುರುಗಡೆ ಟೀ ಅಂಗಡಿಯವನು ಮೊದಮೊದಲು 'ಏನಾದ್ರೂ ಮರೆತ್ರಾ ಅಣ್ಣ?' ಅಂತ ಕೇಳುತ್ತಿದ್ದ, ಆಮೇಲೆ ಕೇಳುವುದನ್ನೇ ಬಿಟ್ಟ. ಅದು ಹೆಚ್ಚು ನಾಚಿಕೆ ಆಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು: ಬೀಗ ಹಾಕಿದ ಮೇಲೆ ಫೋಟೋ ತೆಗೆದುಕೊಳ್ಳುವುದು, ಅನುಮಾನ ಬಂದರೆ ಮನೆಯಲ್ಲೇ ನೋಡುವುದು. ಒಂದು ವಾರ ಸೊಗಸಾಗಿ ನಡೆಯಿತು. ಎರಡನೇ ವಾರ ಈ ಫೋಟೋ ಇವತ್ತಿನದೋ ನಿನ್ನೆಯದೋ ಎಂಬ ಅನುಮಾನ ಶುರು. ಆಮೇಲೆ ದಿನಕ್ಕೆ ನಾಲ್ಕು, ಆರು, ಬೀಗದ ಪಕ್ಕ ಅವತ್ತಿನ ಪೇಪರ್ ಹಿಡಿದು ಒಂದು. ಅಪಹರಣಕಾರರು ಕಳಿಸುವ ಫೋಟೋದ ಹಾಗೆ! ಮುಂದೆ ಚಿಕಿತ್ಸೆ ಕೊಟ್ಟ ಸೈಕಾಲಜಿಸ್ಟ್ ಮೇಡಂ ಕೇಳಿದರೆಂದು ಒಂದು ದಿನ ಎಣಿಸಿದೆ. 2,314 ಇದ್ದವು.

ಅಂಗಡಿಯೊಳಗಿನ ಕತೆ ಇನ್ನೂ ಸೂಕ್ಷ್ಮ. ಲಗ್ನಪತ್ರಿಕೆಯಲ್ಲಿ ಧಾರಾಮುಹೂರ್ತದ ದಿನಾಂಕ, ವಾರ, ತಿಥಿ, ಗಂಟೆ, ಕಲ್ಯಾಣಮಂಟಪ, ಚಿ॥, ಚಿ॥ ಸೌ॥ ಎಲ್ಲ ನೋಡಬೇಕು. ಪ್ರೂಫ್ ನೋಡುವುದು ನನ್ನ ಅನ್ನ. ಆದರೆ 40 ಸಲ ನೋಡುವುದು ಅನ್ನ ಅಲ್ಲ. ಅಚ್ಚಿನ ಪ್ಲೇಟಿಗೆ ಕೊಟ್ಟ ಮೇಲೆ ಓಡಿ ಹೋಗಿ ವಾಪಸ್ ತರುವುದು, ಮಷೀನು ಓಡುವಾಗ ನಿಲ್ಲಿಸಿ ಒಂದು ಹಾಳೆ ಎಳೆದು ಓದುವುದು, ಪಾರ್ಟಿ, ಅಂದರೆ ಗಿರಾಕಿ, ಕಾರ್ಡು ತೆಗೆದುಕೊಂಡು ಹೋದ ಮೇಲೂ ರಾತ್ರಿ 1 ಗಂಟೆಗೆ ಎದ್ದು ಫೈಲು ತೆರೆಯುವುದು. ಮಷೀನ್‌ಮ್ಯಾನ್ ಇಬ್ಬರು ಕೆಲಸ ಬಿಟ್ಟರು. ಊರಲ್ಲಿ ಮಾತ್ರ ನನಗೆ ಒಳ್ಳೆ ಹೆಸರು. 'ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡ್ತಾರೆ, ಇವರ ಹತ್ರ ಒಂದು ಕಾಗುಣಿತ ತಪ್ಪಲ್ಲ.' ಈ ಕಾಯಿಲೆ ಹೀಗೆ ಒಳ್ಳೆ ಗುಣದ ಅಂಗಿ ಹಾಕಿಕೊಂಡು ಬಂದು ಕೂರುತ್ತದೆ. ನಮ್ಮ ಅಜ್ಜಿಯ ಕಾಲದಲ್ಲಿ ಮಡಿಯ ಹೆಸರಿನಲ್ಲಿ ಬಾವಿಕಟ್ಟೆ ಬಿಟ್ಟು ಏಳದೆ ಇದ್ದ ಹೆಂಗಸರಲ್ಲಿ ಎಷ್ಟು ಜನರದು ನಿಜವಾಗಿ ಮಡಿಯೋ ಎಂದು ಈಗ ಯೋಚನೆ ಬರುತ್ತದೆ.

ಕ್ಲಿನಿಕ್ಕಿಗೆ ಬರುವ ಮೊದಲು ಸುತ್ತಿದ ಕಡೆಗಳನ್ನೂ ಹೇಳಬೇಕು, ಯಾಕೆಂದರೆ ಐದು ವರ್ಷ ಹೋದದ್ದು ಅಲ್ಲೇ.

ಮೊದಲು ಒಬ್ಬ ಫಿಸಿಷಿಯನ್ನು. 'ಟೆನ್ಷನ್ ಜಾಸ್ತಿ' ಎಂದು ಆಲ್ಪ್ರಜೋಲಮ್ ಬರೆದುಕೊಟ್ಟರು. ನುಂಗಿದ ಅರ್ಧ ಗಂಟೆಗೆ ಹಾಯಾಗುತ್ತಿತ್ತು, ಅದೇ ತೊಂದರೆ. ಎರಡು ವಾರದ ಮಾತ್ರೆ ಎಂಟು ತಿಂಗಳು ನಡೆಯಿತು. ಚೀಟಿ ಕೇಳದೆ ಕೊಡುವ ಮೆಡಿಕಲ್ ಶಾಪೂ ಸಿಕ್ಕಿತ್ತು. ಒಂದು ಸಲ ಊರಿಗೆ ಹೋದಾಗ ಮರೆತು ಎರಡು ದಿನ ತಪ್ಪಿದ್ದಕ್ಕೆ ಕೈನಡುಕ, ನಿದ್ದೆ ಇಲ್ಲ. ಇದು ಕಾಯಿಲೆಯ ಬುಡಕ್ಕೆ ಹೋಗುವ ಮಾತ್ರೆ ಅಲ್ಲ, ಅಭ್ಯಾಸವಾಗಿಬಿಡುವ ಮಾತ್ರೆ, ಒಮ್ಮೆಗೇ ಬಿಡಲೂಬಾರದು ಎಂದು ಆಗ ಯಾರೂ ಹೇಳಲಿಲ್ಲ.

ಅಮ್ಮನ ಹರಕೆಯಂತೆ ಸಿಗಂದೂರಿಗೂ ಹೋದೆವು. ಆಗಿನ್ನೂ ಸೇತುವೆ ಇರಲಿಲ್ಲ. ಲಾಂಚಿನಲ್ಲಿ ಎಲ್ಲರೂ ಶರಾವತಿ ಹಿನ್ನೀರಿನ ಫೋಟೋ ತೆಗೆಯುತ್ತಿದ್ದರೆ ನಾನು ಮೂಲೆಯಲ್ಲಿ ನಿಂತು ಬೀಗದ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದೆ. ದೇವಿಗೆ ಕೈಮುಗಿಯುವಾಗಲೂ ಕೇಳಿಕೊಂಡದ್ದು ಅಂಗಡಿ ಬಾಗಿಲು ಭದ್ರವಾಗಿರಲಿ ಅಂತಲೇ.

ಆಮೇಲೆ ಒಂದು ಆ್ಯಪು. ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಕೌನ್ಸೆಲಿಂಗು. ಆ ಹುಡುಗ ಒಳ್ಳೆಯವನೇ, ತಾಳ್ಮೆ ಇತ್ತು. 'ಸರ್, ನೀವು ಬೀಗ ಹಾಕಿರ್ತೀರಿ, ಇಷ್ಟು ವರ್ಷದಲ್ಲಿ ಒಂದು ದಿನಾನೂ ಮರೆತಿಲ್ಲ ಅಲ್ವಾ' ಎನ್ನುತ್ತಿದ್ದ. ಕೇಳಿದಾಗ ಸಮಾಧಾನ, ಕಾಲ್ ಕಟ್ಟಾದ ಹತ್ತು ನಿಮಿಷಕ್ಕೆ ಮೊದಲಿನಂತೆಯೇ. ಆಮೇಲೆ ತಿಳಿಯಿತು: ಈ ಕಾಯಿಲೆಗೆ ಸಮಾಧಾನ ಹೇಳುವುದು ತುರಿಗೆ ಕೆರೆದ ಹಾಗೆ. ಕೆರೆದಷ್ಟೂ ಹಿತ, ಕೆರೆದಷ್ಟೂ ಗಾಯ. ದುಡ್ಡು ಕೊಟ್ಟು ಕೆರೆಸಿಕೊಂಡೆ ಮೂರು ತಿಂಗಳು.

ಒಂದು ರಾತ್ರಿ ಮೂರು ಸಲ ಅಂಗಡಿಗೆ ಹೋಗಿಬಂದು, ನಾಲ್ಕನೇ ಸಲ ಮನೆಯ ಗೇಟಿನಲ್ಲಿ ಕೂತು 14416ಕ್ಕೆ ಫೋನು ಮಾಡಿದೆ. ಟೆಲಿಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ಸಮಾಧಾನ ಹೇಳಲಿಲ್ಲ. 'ದಿನಕ್ಕೆ ಎಷ್ಟು ಹೊತ್ತು ಇದರಲ್ಲಿ ಹೋಗುತ್ತೆ ಸರ್?' ಎಂದು ಕೇಳಿದಳು. ಲೆಕ್ಕ ಹಾಕಿದೆ, ನಾಲ್ಕು ಗಂಟೆ. 'ಇದಕ್ಕೆ ಚಿಕಿತ್ಸೆ ಇದೆ, ಮನೋವೈದ್ಯರನ್ನು ನೋಡಿ, ಓಸಿಡಿ ಇರಬಹುದಾ ಅಂತ ನೀವೇ ಕೇಳಿ' ಎಂದಳು. ಅಷ್ಟೇ. ಐದು ವರ್ಷದಲ್ಲಿ ಕೆಲಸಕ್ಕೆ ಬಂದ ಮೊದಲ ಮಾತು ಅದು.

ಈಗ ಕ್ಲಿನಿಕ್ಕು.

ಮೊದಲನೇ ಮಹಡಿ, ಕೆಳಗೆ ಕನ್ನಡಕದಂಗಡಿ. ಇದು ದೊಡ್ಡ ಅನುಕೂಲ, ಮೆಟ್ಟಿಲ ಹತ್ತಿರ ಯಾರಾದರೂ ಸಿಕ್ಕರೆ ಕಣ್ಣು ತೋರಿಸಲು ಬಂದೆ ಎನ್ನಬಹುದು. ಇಬ್ಬರಿದ್ದಾರೆ. ಒಬ್ಬರು ಮನೋವೈದ್ಯರು, ಎಂಬಿಬಿಎಸ್ ಮೇಲೆ ಎಂಡಿ ಮಾಡಿದವರು, ಮಾತ್ರೆ ಬರೆಯುವುದು ಅವರು. ಇನ್ನೊಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್, ಎಂಫಿಲ್ ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಆದವರು. ಅವರು ಮಾತ್ರೆ ಬರೆಯುವಂತಿಲ್ಲ. ಈ ಇಬ್ಬರ ವ್ಯತ್ಯಾಸ ನನಗೆ 46 ವರ್ಷವಾದರೂ ಗೊತ್ತಿರಲಿಲ್ಲ. ಬೋರ್ಡಿನಲ್ಲಿ 'ಕೌನ್ಸೆಲರ್' ಎಂದು ಬರೆಸಿ ಎರಡು ದಿನದ ಸರ್ಟಿಫಿಕೇಟ್ ತೂಗುಹಾಕಿದವರೂ ಇರುತ್ತಾರೆ. ಅಂಥ ಒಂದೆರಡು ಬೋರ್ಡು ನಾನೇ ಪ್ರಿಂಟ್ ಮಾಡಿಕೊಟ್ಟಿದ್ದೇನೆ. ನೋಂದಣಿ ನಂಬರು ಕೇಳಿ, ಸಂಕೋಚ ಬೇಡ.

ಡಾಕ್ಟ್ರು ಮೊದಲ ದಿನ 40 ನಿಮಿಷ ಕೊಟ್ಟರು. ಗೀಳು ಎಷ್ಟು ಜೋರಿದೆ ಎಂದು ಅಳೆಯುವ ವೈ-ಬಾಕ್ಸ್ ಎಂಬ ಪಟ್ಟಿ ಹಿಡಿದು 10 ಪ್ರಶ್ನೆ ಕೇಳಿದರು, ಒಂದೊಂದಕ್ಕೆ 0ಯಿಂದ 4. ಒಟ್ಟು 40ಕ್ಕೆ ನನಗೆ 27. ಎಸ್ಸೆಸ್ಸೆಲ್ಸಿ ಗಣಿತದಲ್ಲೂ ಇಷ್ಟು ಪರ್ಸೆಂಟ್ ಬಂದಿರಲಿಲ್ಲ. 24ರ ಮೇಲೆ ತೀವ್ರ ಎಂದೇ ಲೆಕ್ಕವಂತೆ. ಸರ್ಟ್ರಲಿನ್ 50 ಮಿಲಿಗ್ರಾಂ ಶುರುಮಾಡಿ, ಎರಡು ತಿಂಗಳಲ್ಲಿ 150ಕ್ಕೆ ಏರಿಸಿದರು. ಅವರು ಹೇಳಿದ ಒಂದು ಮಾತಿಗೆ ನಾನು ಅರ್ಧ ಸ್ಟಾರು ಹೆಚ್ಚು ಕೊಡುತ್ತೇನೆ: 'ಇದೇ ಮಾತ್ರೆ ಖಿನ್ನತೆಗೆ ಕೊಟ್ಟರೆ ಮೂರ್ನಾಲ್ಕು ವಾರದಲ್ಲಿ ಏನಾದರೂ ಗೊತ್ತಾಗಬಹುದು. ಗೀಳಿಗೆ ಡೋಸೂ ಜಾಸ್ತಿ ಬೇಕು, ಕಾಯೋದೂ ಜಾಸ್ತಿ, ಎಂಟರಿಂದ ಹನ್ನೆರಡು ವಾರ. ಅಲ್ಲಿಯವರೆಗೆ ನನ್ನನ್ನು ಬೈಕೊಳ್ಳಿ, ಮಾತ್ರೆ ಬಿಡಬೇಡಿ.' ಇದನ್ನು ಹೇಳದೆ ಇದ್ದಿದ್ದರೆ ಮೂರನೇ ವಾರಕ್ಕೆ ಡಬ್ಬಿ ಎಸೆದಿರುತ್ತಿದ್ದೆ.

ಯಾಕೆಂದರೆ ಮೊದಲ ಹತ್ತು ದಿನ ಮಾತ್ರೆ ಬರೀ ತೊಂದರೆಯನ್ನೇ ಕೊಟ್ಟಿತು. ಹೊಟ್ಟೆ ತೊಳೆಸುವುದು, ಭೇದಿ, ಅಂಗೈ ಬೆವರು. ನನ್ನ ಕೈಯಲ್ಲಿ ಆರ್ಟ್ ಪೇಪರಿನ ಮೇಲೆ ಬೆರಳಚ್ಚು ಮೂಡುತ್ತಿತ್ತು. ಆತಂಕ ಇಳಿಯುವುದಿರಲಿ, ಸ್ವಲ್ಪ ಏರಿತು. ಅದಕ್ಕೆಂದು ಮೂರು ವಾರ ರಾತ್ರಿ ಹೊತ್ತು ಕ್ಲೊನಾಜೆಪಾಮ್ ಸಣ್ಣ ಡೋಸು ಕೊಟ್ಟು, ದಿನ ಲೆಕ್ಕ ಹಾಕಿ, ಇಳಿಸಿ ನಿಲ್ಲಿಸಿಯೂಬಿಟ್ಟರು. ಹಳೆಯ ಡಾಕ್ಟರಿಗೂ ಇವರಿಗೂ ಇರುವ ವ್ಯತ್ಯಾಸ ಇದೇ: ಇಬ್ಬರೂ ಅದೇ ಜಾತಿಯ ಮಾತ್ರೆ ಕೊಟ್ಟವರು, ಒಬ್ಬರಿಗೆ ನಿಲ್ಲಿಸುವ ದಿನ ಗೊತ್ತಿತ್ತು. ಇನ್ನೊಂದು ಅಡ್ಡಪರಿಣಾಮ ಗಂಡಹೆಂಡಿರ ಕೋಣೆಯದು. ಬಹಳ ಜನರಿಗೆ ಆಗುತ್ತದೆ, ಕೇಳುವವರು ಕಡಿಮೆ. ಡಾಕ್ಟ್ರು ತಾವೇ ಕೇಳಿದರು, ನನಗೆ ಬಾಯಿ ಬಿಡುವ ಕಷ್ಟ ತಪ್ಪಿತು. ಪೂರ್ತಿ ಸರಿಹೋಗಿಲ್ಲ, ಅದನ್ನೂ ಬರೆದಿಡುತ್ತೇನೆ.

ಒಂಬತ್ತನೇ ವಾರ ಏನಾಯಿತು ಎಂದರೆ, ಏನೂ ಆಗಲಿಲ್ಲ. ಅದೇ ವಿಶೇಷ. ಅವತ್ತು ರಾತ್ರಿ ಸರ್ಕಲ್ ದಾಟಿ, ರೈಲ್ವೆ ಗೇಟು ದಾಟಿ, ಮನೆ ತಲುಪಿ ಕೈಕಾಲು ತೊಳೆಯುವಾಗ ನೆನಪಾಯಿತು, ಇವತ್ತು ವಾಪಸ್ಸು ಹೋಗಲಿಲ್ಲವಲ್ಲ. ಮಾತ್ರೆ ಏನು ಮಾಡುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಇದು: ಮಷೀನು ನಿಲ್ಲುವುದಿಲ್ಲ, ಮಷೀನ್ ರೂಮಿನ ಬಾಗಿಲು ಹಾಕಿದ ಹಾಗಾಗುತ್ತದೆ. ಸದ್ದು ಇದೆ, ಆದರೆ ಈ ಕಡೆ ಕೂತು ಮಾತಾಡಬಹುದು. ಅನುಮಾನ ಬರುತ್ತಿತ್ತು, ಹಿಂಡುತ್ತಿರಲಿಲ್ಲ.

ಬರೀ ಮಾತ್ರೆಯಲ್ಲಿ 27 ಇದ್ದದ್ದು 19ಕ್ಕೆ ಬಂತು. ಅಲ್ಲಿ ನಿಂತಿತು. ಆಮೇಲಿನದು ಪಕ್ಕದ ಕೋಣೆಯ ಮೇಡಂ ಕೆಲಸ.

ಮೇಡಂಗೆ 30 ದಾಟಿರಲಿಕ್ಕಿಲ್ಲ. ಕೂತ ತಕ್ಷಣ ನಾನು ಕತೆ ಶುರುಮಾಡಿದೆ. 15 ವರ್ಷದ ಹಿಂದೆ 21ನೇ ತಾರೀಖಿನ ಮದುವೆಗೆ 12 ಎಂದು 600 ಕಾರ್ಡು ಅಚ್ಚಾಗಿ ಹೋಗಿತ್ತು, ಹುಡುಗಿಯ ಅಪ್ಪ ಅಂಗಡಿ ಮುಂದೆ ನಿಂತು ಕೂಗಾಡಿದರು, ಎಲ್ಲ ಅಲ್ಲಿಂದಲೇ ಇರಬೇಕು ಅಂತ. ಅವರು ಪೂರ್ತಿ ಕೇಳಿ, 'ಇರಬಹುದು ಸರ್. ಆದರೆ ಅಂಥ ತಪ್ಪು ಮಾಡಿದ ಪ್ರೆಸ್ಸಿನವರಿಗೆಲ್ಲ ಇದು ಬರಬೇಕಿತ್ತಲ್ಲ? ಕಾರಣ ಸಿಗದಿದ್ದರೂ ಚಿಕಿತ್ಸೆ ಆಗುತ್ತೆ' ಎಂದರು. ನಾನು ಸಿನಿಮಾದಲ್ಲಿ ನೋಡಿದ ಹಾಗೆ ಮಂಚದ ಮೇಲೆ ಮಲಗಿಸಿ ಬಾಲ್ಯ ಕೆದಕುತ್ತಾರೆ ಎಂದುಕೊಂಡು ಹೋಗಿದ್ದೆ. ಇಲ್ಲಿ ಮಂಚವೂ ಇಲ್ಲ, ಬಾಲ್ಯವೂ ಇಲ್ಲ. ಬಿಳಿ ಹಾಳೆ, ಪೆನ್ನು, ಹೋಂವರ್ಕು.

ಚಿಕಿತ್ಸೆಯ ಹೆಸರು ಇಆರ್‌ಪಿ. ಭಯವಾಗುವ ಸಂದರ್ಭಕ್ಕೆ ಬೇಕೆಂದೇ ಎದುರಾಗುವುದು, ಆಮೇಲೆ ಮಾಡಲೇಬೇಕೆನಿಸುವ ಕೆಲಸವನ್ನು ಮಾಡದೆ ಕೂರುವುದು. 1966ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟರ್ ಮೇಯರ್ ಎಂಬುವರು ಇಬ್ಬರು ರೋಗಿಗಳ ಮೇಲೆ ಮಾಡಿ ಬರೆದದ್ದೇ ಇದರ ಮೊದಲು. ಅದಕ್ಕೂ ಮುಂಚೆ ಗೀಳು ಎಂದರೆ ವಾಸಿಯಾಗದ್ದು ಎಂದೇ ವೈದ್ಯರು ಕೈಚೆಲ್ಲುತ್ತಿದ್ದರಂತೆ. ಹೇಳಲು ಎರಡು ಸಾಲು. ಮಾಡಲು ಕೂತರೆ ಸಾಕುಸಾಕಾಗುತ್ತದೆ.

ಮೊದಲು ಏಣಿ ಹಾಕಿದರು. ಯಾವುದಕ್ಕೆ ಎಷ್ಟು ಭಯ, 0ಯಿಂದ 100. ಬೀಗದ ಫೋಟೋ ತೆಗೆಯದಿರುವುದು 40. ಒಂದೇ ಸಲ ಜಗ್ಗಿ ಮನೆಗೆ ಹೋಗುವುದು 60. ಲಗ್ನಪತ್ರಿಕೆ ಪ್ಲೇಟಿಗೆ ಕೊಟ್ಟ ಮೇಲೆ ಫೈಲು ತೆರೆಯದಿರುವುದು 85. ತಪ್ಪಿರುವುದು ಗೊತ್ತಿದ್ದೂ ಅಚ್ಚು ಹಾಕಿ ಹಂಚುವುದು 100. ಕೊನೆಯದನ್ನು ನಾನು ತಮಾಷೆಗೆ ಹೇಳಿದ್ದೆ. ಅವರು ಬರೆದುಕೊಂಡುಬಿಟ್ಟರು.

ಇಲ್ಲಿ ಒಂದು ನಿಜವಾದ ಕಗ್ಗಂಟಿತ್ತು, ಈ ಮೇಡಂ ಎಷ್ಟು ಗಟ್ಟಿ ಎಂದು ನನಗೆ ಗೊತ್ತಾದದ್ದೇ ಇಲ್ಲಿ. ಕೈತೊಳೆಯುವ ಗೀಳಿನವರಿಗೆ ತೊಳೆಯಬೇಡಿ ಎನ್ನಬಹುದು. ಪ್ರೂಫ್ ನೋಡುವುದೇ ಕೆಲಸವಾಗಿರುವವನಿಗೆ ನೋಡಬೇಡ ಎಂದರೆ ಅಂಗಡಿ ಮುಚ್ಚಬೇಕು. ಅವರು ಕೇಳಿದರು, 'ಒಳ್ಳೆ ಪ್ರೂಫ್ ರೀಡರ್ ಎಷ್ಟು ಸಲ ನೋಡ್ತಾರೆ ಸರ್?' ನನಗೆ ಉತ್ತರ ಗೊತ್ತಿರಲಿಲ್ಲ. 22 ವರ್ಷದ ಕಸುಬು, ಮಾಮೂಲಿ ಎಂದರೆ ಎಷ್ಟು ಎಂದೇ ಮರೆತುಹೋಗಿತ್ತು! ಹೋಂವರ್ಕ್ ಸಿಕ್ಕಿತು: ಬೇರೆ ಮೂರು ಪ್ರೆಸ್ಸಿನವರನ್ನು ಕೇಳಿಕೊಂಡು ಬನ್ನಿ. ಭದ್ರಾವತಿಯ ಒಬ್ಬ ಹಳೆಯ ಕಂಪೋಸಿಟರ್, ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದವರು, ನಕ್ಕು ಹೇಳಿದರು: 'ಒಂದ್ಸಲ ಅರ್ಥಕ್ಕೆ, ಒಂದ್ಸಲ ಅಕ್ಷರಕ್ಕೆ. ಆಮೇಲೆ ಪಾರ್ಟಿ ಸಹಿ. ಮೂರನೇ ಸಲ ನೋಡಿದ್ರೆ ಕಣ್ಣು ಸುಳ್ಳು ಹೇಳುತ್ತೆ ಮಾರಾಯ.' ಉಳಿದಿಬ್ಬರೂ ಹೆಚ್ಚುಕಡಿಮೆ ಅದನ್ನೇ ಅಂದರು. ಅದೇ ನಮ್ಮ ಕಾನೂನಾಯಿತು. ಎರಡು ಓದು, ಒಂದು ಸಹಿ, ಪ್ಲೇಟು. ಮೂರನೇ ಓದು ಕಸುಬಿನದಲ್ಲ, ಕಾಯಿಲೆಯದು. ಇಷ್ಟು ಸ್ಪಷ್ಟವಾಗಿ ಗೆರೆ ಎಳೆದುಕೊಟ್ಟದ್ದಕ್ಕೆ ನಾನು ಸಾಯುವವರೆಗೂ ಋಣಿ.

ಮೊದಲ ವಾರ ಆ ಗೆರೆಯ ಈ ಕಡೆ ಕೂತದ್ದು ಹೇಗಿತ್ತೆಂದರೆ, ಕಂಪ್ಯೂಟರ್ ಆಫ್ ಮಾಡಿ ಮೌಸನ್ನು ಹೆಂಡತಿಯ ಬ್ಯಾಗಿಗೆ ಹಾಕಿದ್ದೆ. ಗಡಿಯಾರ ನೋಡುತ್ತಾ ಹತ್ತತ್ತು ನಿಮಿಷಕ್ಕೆ ಭಯದ ನಂಬರು ಬರೆಯಬೇಕು. 85, 90, 90, 85, 70. ಒಂದೂಕಾಲು ಗಂಟೆಗೆ 45. ನಾನು ಏನೂ ಮಾಡದೆಯೇ ಇಳಿಯಿತು! ಆ 45 ಬರೆಯುವಾಗ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ನೂರನೆಯ ಮೆಟ್ಟಿಲು ನನ್ನದೇ ವಿಸಿಟಿಂಗ್ ಕಾರ್ಡು. 'ಶುದ್ಧ ಮುದ್ರಣಕ್ಕೆ ನಮ್ಮನ್ನೇ ಸಂಪರ್ಕಿಸಿ' ಎಂಬ ಸಾಲನ್ನು 'ಶುದ್ದ ಮುದ್ರಣಕ್ಕೆ ನಮ್ಮನ್ನೇ ಸಂರ್ಪಕಿಸಿ' ಎಂದು ಮಾಡಿ 100 ಕಾರ್ಡು ಹಾಕಿದೆ. ಮಷೀನ್‌ಮ್ಯಾನ್ ನನ್ನ ಮುಖವನ್ನೂ ಕಾರ್ಡನ್ನೂ ಎರಡೆರಡು ಸಲ ನೋಡಿದ. ದಿನಕ್ಕೆ ಐದು ಹಂಚಬೇಕು. ಸಮಜಾಯಿಷಿ ಕೊಡುವಂತಿಲ್ಲ, ಕ್ಷಮೆ ಕೇಳುವಂತಿಲ್ಲ, ತಮಾಷೆಗೆ ಎನ್ನುವಂತಿಲ್ಲ. ಮೊದಲ 11 ಜನ ಓದಿ ಜೇಬಿಗೆ ಹಾಕಿಕೊಂಡರು, ಒಬ್ಬರಿಗೂ ಕಾಣಲಿಲ್ಲ. ನಲವತ್ತು ಸಲ ಪ್ರೂಫ್ ನೋಡುತ್ತಿದ್ದದ್ದು ಯಾರಿಗಾಗಿ ಎಂದು ಅವತ್ತು ಸ್ವಲ್ಪ ಬೇಸರವೂ ಆಯಿತು. ಹನ್ನೆರಡನೆಯವರು ನಿವೃತ್ತ ಕನ್ನಡ ಮೇಷ್ಟ್ರು. ಕನ್ನಡಕ ಏರಿಸಿ ನೋಡಿ, 'ಏನಯ್ಯಾ ಇದು, ಶುದ್ಧಕ್ಕೇ ಮಹಾಪ್ರಾಣ ಹೋಗಿದೆಯಲ್ಲಾ!' ಎಂದರು. ನನ್ನ ಪ್ರಾಣವೂ ಅರ್ಧ ಹೋಗಿತ್ತು. 'ಹೌದು ಸಾರ್' ಎಂದಷ್ಟೇ ಹೇಳಿ ನಿಂತೆ. ಅವರು ನಕ್ಕು, ಮಗಳ ಮದುವೆ ಕಾರ್ಡು ಆರ್ಡರ್ ಕೊಟ್ಟು ಹೋದರು.

ಒಂದು ಸಿಟ್ಟಿಂಗಿಗೆ ಹೆಂಡತಿಯನ್ನೂ ಕರೆಸಿದರು. ಆಕೆ ದಿನಾ ರಾತ್ರಿ ಹತ್ತು ಸಲ 'ಹಾಕಿದೀರಿ ರೀ, ನಾನೇ ನೋಡಿದೆ' ಎಂದು ಹೇಳಿ ಹೇಳಿ ಸೋತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದದ್ದು, ಆದರೆ ಅದೂ ಆ ಆ್ಯಪಿನ ಹುಡುಗನ ಸಮಾಧಾನದ ಹಾಗೆಯೇ. ಮೇಡಂ ಒಂದು ವಾಕ್ಯ ಕಲಿಸಿಕೊಟ್ಟರು: 'ಅದು ಗೀಳಿನ ಪ್ರಶ್ನೆ, ನಾನು ಉತ್ತರ ಕೊಡಲ್ಲ.' ಆಕೆ ಅದನ್ನು ಎಷ್ಟು ಉತ್ಸಾಹದಿಂದ ಕಲಿತಳೆಂದರೆ, ತಿಂಗಳ ಸಾಮಾನಿಗೆ ದುಡ್ಡು ಎಷ್ಟು ಬೇಕು ಎಂದು ಕೇಳಿದರೂ ಅದನ್ನೇ ಹೇಳತೊಡಗಿದಳು.

ಮಾತೋ ಮಾತ್ರೆಯೋ ಎಂದು ಕೇಳುವವರು ಬಹಳ. ಅಮೆರಿಕದ ಎಡ್ನಾ ಫೋವಾ ಮತ್ತು ಜೊತೆಗಾರರು 122 ಜನರನ್ನು ಗುಂಪು ಮಾಡಿ ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ್ದಾರೆ. ಗೀಳಿಗೆ ಹಳೆಯ ಮಾತ್ರೆಯಾದ ಕ್ಲೋಮಿಪ್ರಮೈನ್ ಒಂದನ್ನೇ ತಿಂದವರಿಗಿಂತ ಇಆರ್‌ಪಿ ಮಾಡಿದವರು ಹೆಚ್ಚು ಸುಧಾರಿಸಿದರು. ಎರಡನ್ನೂ ಕೊಟ್ಟದ್ದು ಬರೀ ಮಾತ್ರೆಗಿಂತ ಮೇಲಾಯಿತು, ಬರೀ ಇಆರ್‌ಪಿಗಿಂತ ಅಂಥ ಮೇಲೇನಲ್ಲ. ಇದನ್ನು ಓದಿ ನನ್ನ ಷಡ್ಡಕ 'ಹಾಗಾದ್ರೆ ಮಾತ್ರೆ ದಂಡ' ಎಂದ. ಅವನಿಗೆ 27 ಬಂದಿಲ್ಲ, ಹೇಳುತ್ತಾನೆ. ಮಾತ್ರೆ ಇಲ್ಲದೆ ನಾನು ಆ ಕುರ್ಚಿಯಲ್ಲಿ ಒಂದೂಕಾಲು ಗಂಟೆ ಕೂರುತ್ತಿರಲಿಲ್ಲ, ಮೌಸು ಹುಡುಕಿಕೊಂಡು ಹೆಂಡತಿಯ ಆಫೀಸಿಗೆ ಓಡುತ್ತಿದ್ದೆ. ಸೌಮ್ಯವಾಗಿರುವವರಿಗೆ ಬರೀ ಮಾತಿನಲ್ಲೇ ಆಗಬಹುದು. ಕ್ಲಿನಿಕ್ಕಿನ ಬೆಂಚಿನಲ್ಲಿ ಪರಿಚಯವಾದ ಅಡಿಕೆ ಮಂಡಿಯ ಒಬ್ಬರದು ಬೈಪೋಲಾರ್, ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಸಿಯುವ ಕಾಯಿಲೆ. ಅವರು ಲಿಥಿಯಂ ತಿನ್ನುತ್ತಾರೆ, 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಕಂಡುಕೊಂಡ ಔಷಧಿ, ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ಪರೀಕ್ಷೆ ಮಾಡಿಸಲೇಬೇಕು. ಅವರಿಗೆ ಮಾತ್ರೆಯೇ ತಳಪಾಯ, ಮಾತು ಮೇಲಿನ ಗೋಡೆ. ನನ್ನ ವಿಮರ್ಶೆ ಓದಿಕೊಂಡು ಅವರು ಮಾತ್ರೆ ಬಿಟ್ಟರೆ ಅನಾಹುತ.

ದುಡ್ಡಿನ ಲೆಕ್ಕ. ಡಾಕ್ಟರ ಫೀಸು ಮೊದಲ ಸಲ 600, ಆಮೇಲೆ 400. ಮೇಡಂಗೆ ಸಿಟ್ಟಿಂಗಿಗೆ 1,000, ನನ್ನವು 18 ಆದವು. ಮಾತ್ರೆ ತಿಂಗಳಿಗೆ ಸುಮಾರು 500. ಆಮೇಲೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಅದೇ ಸರ್ಟ್ರಲಿನ್ ಬಹಳ ಅಗ್ಗ. ಇನ್ಶೂರೆನ್ಸಿಗೆ ಹಾಕಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಸರಿ, ಆದರೆ ನನ್ನ ಪಾಲಿಸಿಯಲ್ಲಿ ಅಡ್ಮಿಟ್ ಆದರಷ್ಟೇ ದುಡ್ಡು. ಅಡ್ಮಿಟ್ ಆಗದೆ ಗುಣವಾದದ್ದು ನನ್ನ ತಪ್ಪಾಯಿತು. ಖರ್ಚು ಮಾಡಲಾಗದವರಿಗೆ ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರುವ ವ್ಯವಸ್ಥೆ ಇದೆ, ಹೋಗುವ ಮೊದಲು ಒಮ್ಮೆ ವಿಚಾರಿಸಿಕೊಳ್ಳಿ. ಇಲ್ಲಿ ಸರಿಹೋಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಬೇರೆ ಕ್ಲಿನಿಕ್ ಇದೆ ಎಂದು ಡಾಕ್ಟ್ರು ಮೊದಲೇ ಹೇಳಿದ್ದರು. ನನಗೆ ಬೇಕಾಗಲಿಲ್ಲ.

ದೂರುಗಳೂ ಇವೆ. 5ಕ್ಕೆ 5 ಯಾಕಿಲ್ಲ ಎಂದರೆ, 11ಕ್ಕೆ ಅಪಾಯಿಂಟ್ಮೆಂಟ್ ಎಂದರೆ ಒಳಗೆ ಕರೆಯುವುದು ಒಂದಕ್ಕೆ. ಮೇಡಂ ಕೋಣೆಯ ಗೋಡೆ ಪ್ಲೈವುಡ್ಡಿನದು, ಆಚೆ ಕಾಂಪೌಂಡರ್ ಫೋನಿನಲ್ಲಿ ಮಾತಾಡುವುದು ನಮಗೆ ಕೇಳುತ್ತದೆ, ಅಂದ ಮೇಲೆ ನಮ್ಮದು? ಹೊರಗೆ ಆತ 'ಓಸಿಡಿ ಪೇಷೆಂಟ್ ಬನ್ನಿ' ಎಂದು ಕೂಗಿದ್ದಾನೆ ಒಂದು ಸಲ. ಮೂರು ಜನ ಎದ್ದು ನಿಂತೆವು, ಆಮೇಲೆ ನಗು ಬಂತು ಬಿಡಿ, ಆದರೂ ಕೂಗಬಾರದು. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ.

ಇನ್ನೊಂದು, ಮೇಡಂ ಕೊಡುತ್ತಿದ್ದ ಹೋಂವರ್ಕ್ ಹಾಳೆಗಳೆಲ್ಲ ಇಂಗ್ಲಿಷು. ನನಗೆ ತೊಂದರೆ ಇಲ್ಲ, ತೀರ್ಥಹಳ್ಳಿ ಕಡೆಯಿಂದ ಬರುತ್ತಿದ್ದ ಒಬ್ಬ ಅಜ್ಜಿಗೆ ಮೊಮ್ಮಗ ಓದಿ ಹೇಳಬೇಕಿತ್ತು. ಭಯದ ನಂಬರನ್ನು ಮೊಮ್ಮಗನಿಗೆ ಹೇಳುವುದು ಹೇಗೆ? ನಾನೇ ನುಡಿ ತಂತ್ರಾಂಶದಲ್ಲಿ ಕನ್ನಡದಲ್ಲಿ ಟೈಪು ಮಾಡಿ, 'ಎಷ್ಟು ಗಂಟೆಗೆ, ಏನು ಅನುಮಾನ ಬಂತು, ಏನು ಮಾಡಬೇಕೆನಿಸಿತು, ಮಾಡದೆ ಎಷ್ಟು ಹೊತ್ತು ಇದ್ದಿರಿ' ಎಂದು ನಾಲ್ಕು ಕಾಲಮ್ಮು ಹಾಕಿ 200 ಹಾಳೆ ಅಚ್ಚು ಮಾಡಿಕೊಟ್ಟೆ. ಬಿಲ್ ಹಾಕಲಿಲ್ಲ. ಪ್ರೂಫ್ ಎರಡೇ ಸಲ ನೋಡಿದೆ. 'ಅನುಮಾನ'ದ ಒಂದು ಕಡೆ ನಕಾರ ಬಿಟ್ಟುಹೋಗಿ 'ಅನುಮಾ' ಆಗಿದೆ, ಹಾಗೆಯೇ ಇದೆ.

ಈಗಿನ ಅಂಕ 11. ಗುಣವಾಯಿತು ಎನ್ನುವುದಿಲ್ಲ, ಅನುಮಾನ ಈಗಲೂ ಬರುತ್ತದೆ. ಮದುವೆ ಸೀಸನ್ನಿನಲ್ಲಿ ಒಂದೆರಡು ಸಲ ಮೂರನೇ ಓದಿಗೆ ಜಾರಿದ್ದೇನೆ. ಮಾತ್ರೆ ಇನ್ನೊಂದು ವರ್ಷವಾದರೂ ಇರಲಿ, ಆಮೇಲೆ ನಿಧಾನಕ್ಕೆ ಇಳಿಸೋಣ, ನೀವಾಗಿ ನಿಲ್ಲಿಸಬೇಡಿ ಎಂದಿದ್ದಾರೆ ಡಾಕ್ಟ್ರು. ಫೋಟೋಗಳನ್ನೆಲ್ಲ ಒಟ್ಟಿಗೆ ಅಳಿಸಲು ಹೋದಾಗ ಫೋನು 'ಖಚಿತವೇ?' ಎಂದು ಕೇಳಿತು. ಇದೂ ನಮ್ಮ ಪಾರ್ಟಿಯೇ ಅನಿಸಿತು. ಒತ್ತಿದೆ.

ಹೋದ ತಿಂಗಳು ಒಂದು ಗೃಹಪ್ರವೇಶದ ಕಾರ್ಡು. ಎರಡು ಓದು ಆಗಿತ್ತು, ಪಾರ್ಟಿ ಸಹಿಯೂ ಇತ್ತು, ಆದರೂ ಮೊಬೈಲ್ ನಂಬರಿನಲ್ಲಿ 8 ಇರಬೇಕಾದಲ್ಲಿ 3. ಬೇಕೆಂದು ಮಾಡಿದ ತಪ್ಪಲ್ಲ, ನಿಜವಾದ ತಪ್ಪು, 300 ಕಾರ್ಡು. ಅವರು ಬಂದು ರೇಗಾಡಿದರು. ಸಹಿ ಅವರದ್ದೇ ಎಂದು ನಾನು ತೋರಿಸಲಿಲ್ಲ. ಸಂಜೆ ಅಷ್ಟಗಲದ ಸ್ಟಿಕ್ಕರ್ ಹಾಕಿಸಿ, ನಾನೂ ಹೆಂಡತಿಯೂ ಕೂತು ಒಂದೊಂದಕ್ಕೇ ಅಂಟಿಸಿದೆವು. ಮುಗಿಯುವಾಗ 11 ಗಂಟೆ. ಶಟರ್ ಎಳೆದು, ಎರಡೂ ಬೀಗ ಹಾಕಿ, ಒಂದೊಂದು ಸಲ ಜಗ್ಗಿ ಸ್ಕೂಟರ್ ಹತ್ತಿದೆ. ಸರ್ಕಲ್ ದಾಟಿದ ಮೇಲೆ ಹಿಂದಿನ ಸೀಟಿನಿಂದ ಆಕೆ, 'ರೀ, ಬೀಗ ಹಾಕಿದ್ರಾ?' ಎಂದಳು.

'ಅದು ಗೀಳಿನ ಪ್ರಶ್ನೆ' ಎಂದೆ.